ಮಾಡಿದಷ್ಟಕ್ಕೆ ಮಾತ್ರ

ಪ್ರಿಂಟಿಂಗ್ ಪ್ರೆಸ್ಸಿನ ಮೆಟ್ಟಿಲ ಮೇಲೆ ಊಟದ ಹೊತ್ತಿನಲ್ಲಿ ಇಬ್ಬರು ಕೆಲಸಗಾರರಿಗೆ ಜಗಳವಾಯಿತು. ಒಬ್ಬ ಮುದ್ರಣ ಯಂತ್ರ ನಡೆಸುವ ಹುಡುಗ. ಇನ್ನೊಬ್ಬ ಕಾಗದ ಕತ್ತರಿಸುವವನು. ಅವನನ್ನು ಎಲ್ಲರೂ ಕಟಿಂಗ್ ಅಣ್ಣ ಎಂದೇ ಕರೆಯುತ್ತಿದ್ದರು. ರಜೆ ಯಾರಿಗೆ ಮೊದಲು ಎಂದು ಶುರುವಾದ ಮಾತು ಕೈಕೈ ಮಿಲಾಯಿಸುವವರೆಗೆ ಹೋಯಿತು. ಕಟಿಂಗ್ ಅಣ್ಣ ಉರುಳಿಬಿದ್ದ. ತಲೆ ಒಡೆದು ಪ್ರಜ್ಞೆ ತಪ್ಪಿತು. ಸಂಜೆಯೊಳಗೆ ಪೊಲೀಸರು ಬಂದು ಹುಡುಗನನ್ನು ಕರೆದೊಯ್ದರು. ಕಬ್ಬಿಣದ ಸಲಾಕೆಯಿಂದ ತಲೆಗೆ ಹೊಡೆದನೆಂದು ದೂರು.

ಹುಡುಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವನ ಅಕ್ಕ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಸುದ್ದಿ ಕೇಳಿ ಠಾಣೆಗೆ ಓಡಿದಳು. “ನಾನೇನೂ ಮಾಡಿಲ್ಲ ಅಕ್ಕಾ” ಎಂದ ತಮ್ಮ. ಅಷ್ಟರಲ್ಲೇ ಅವಳನ್ನು ಹೊರಗೆ ಕಳಿಸಿದರು. ಮನೆಗೆ ಬಂದು ಕತ್ತರಿಸಿದ ಬಟ್ಟೆಯ ರಾಶಿಯ ನಡುವೆ ಕೂತುಬಿಟ್ಟಳು. ಪಕ್ಕದ ಮನೆಯ ನರ್ಸ್ ಬಂದು ಎಬ್ಬಿಸಿದಳು.

“ಅಕ್ಕಾ, ಅಳೋದು ಆಮೇಲೆ. ಮೊದಲು ವಕೀಲರನ್ನ ನೋಡೋಣ.”

“ವಕೀಲರಾ? ತಪ್ಪೇ ಮಾಡದೇ ಇರೋನಿಗೆ ವಕೀಲರು ಯಾಕೆ?”

“ತಪ್ಪು ಮಾಡಿಲ್ಲ ಅಂತ ಅಲ್ಲಿ ಹೇಳೋರು ಯಾರು? ನೀನಾ? ನಿನ್ನನ್ನ ಮಾತಾಡೋಕ್ಕೇ ಬಿಡ್ಲಿಲ್ವಲ್ಲ.”

“ಆ ಕರಿಕೋಟಿನವರ ಸಹವಾಸ ಬೇಡಮ್ಮ. ಸುಳ್ಳನ್ನ ನಿಜ ಮಾಡೋ ಜನ. ಕಳ್ಳಕಾಕರನ್ನ ಬಿಡಿಸಿ ಹೊಟ್ಟೆ ಹೊರೀತಾರೆ.”

“ಕೈಲಾಗದೋರಿಗೆ ಕೋರ್ಟಿಂದಾನೇ ವಕೀಲರನ್ನ ಕೊಡ್ತಾರೆ. ನಯಾಪೈಸೆ ಕೇಳಲ್ಲ.”

“ಪುಗಸಟ್ಟೆ ಸಿಗೋ ವಕೀಲರು ಎಂಥೋರಿರ್ತಾರೋ!”

“ಸರ್ಕಾರಿ ಆಸ್ಪತ್ರೇಲಿ ನಾನೂ ಪುಗಸಟ್ಟೆ ನರ್ಸೇ. ನಿನ್ನ ಬೆರಳಿಗೆ ಸೂಜಿ ಹೊಕ್ಕಾಗ ಅರ್ಧ ಬ್ಯಾಂಡೇಜ್ ಕಟ್ಟಿ ಕಳಿಸಿದ್ನಾ?”

ಅಂಥ ಸಂಕಟದಲ್ಲೂ ಅಕ್ಕನಿಗೆ ಚೂರು ನಗು ಬಂತು. ಚಪ್ಪಲಿ ಮೆಟ್ಟಿಕೊಂಡಳು.

ನ್ಯಾಯಾಲಯದ ಹಿಂಭಾಗದಲ್ಲಿ ಉಚಿತ ಕಾನೂನು ನೆರವಿನ ಕೋಣೆ. ಒಳಗೆ ಒಂದು ಉದ್ದನೆಯ ಮೇಜು, ಬಾಗಿಲು ಸರಿಯಾಗಿ ಮುಚ್ಚದ ಬೀರು. ಅಲ್ಲಿದ್ದ ವಕೀಲಮ್ಮನಿಗೆ ವಯಸ್ಸು ಐವತ್ತರ ಮೇಲೆ. ಕರಿಕೋಟಿನ ಕೆಳಗೆ ಓಡುವವರು ಹಾಕುವ ಬೂಟು. ಅಕ್ಕನ ಮಾತು ಪೂರ್ತಿ ಕೇಳಿ, ನೀರು ಕುಡಿಸಿ, ಸೀದಾ ಠಾಣೆಗೆ ಹೊರಟರು.

ಅಲ್ಲಿ ತಮ್ಮ ಪೊಲೀಸರು ಬರೆದಿಟ್ಟ ಹೇಳಿಕೆಯ ಮುಂದೆ ಪೆನ್ನು ಹಿಡಿದು ಕೂತಿದ್ದ. ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು.

“ಇದರಲ್ಲಿ ಏನು ಬರೆದಿದೆ, ಓದಿದ್ಯಾ?” ವಕೀಲಮ್ಮ ಕೇಳಿದರು.

“ಇಲ್ಲ ಮೇಡಂ.”

“ಹಾಗಾದ್ರೆ ಪೆನ್ನು ಕೆಳಗಿಡು. ನಾನು ನಿನ್ನ ವಕೀಲೆ. ನಡೆದಿದ್ದನ್ನ ನಡೆದ ಹಾಗೇ ಹೇಳು. ನನಗೆ ಹೇಳಿದ್ದು ನೀನು ಒಪ್ಪದೆ ಹೊರಗೆ ಹೋಗಲ್ಲ.”

ಹುಡುಗ ಪೆನ್ನು ಕೆಳಗಿಟ್ಟ. “ಎರಡೂ ಕೈಯಿಂದ ತಳ್ಳಿದೆ, ಮೇಡಂ. ಬಿದ್ದ. ಸಲಾಕೆ ಮಾತ್ರ ಹಿಡಿದಿಲ್ಲ, ಆಣೆ.”

ವಕೀಲಮ್ಮ ಓಡಾಡಿ ಜಾಮೀನು ಕೊಡಿಸಿದರು. ತಮ್ಮ ಮನೆಗೆ ಬಂದ. ತಳ್ಳಿದ್ದು ನಿಜ ಎಂದು ಅವನು ಅಕ್ಕನಿಗೆ ಹೇಳಿದ್ದು ಆಗಲೇ. ಬೆಳಗಾಗುತ್ತಲೇ ಅವಳು ವಕೀಲಮ್ಮನ ಮುಂದೆ ನಿಂತಳು.

“ಮೇಡಂ, ಇವನು ತಳ್ಳೇ ಇಲ್ಲ ಅಂತ ವಾದ ಮಾಡಿ. ಅವನಾಗೇ ಜಾರಿ ಬಿದ್ದ ಅನ್ನಿ.”

ಜೊತೆಗೆ ಬಂದಿದ್ದ ನರ್ಸ್ ಅಕ್ಕನ ಮುಖವನ್ನೇ ನೋಡಿದಳು. “ಸುಳ್ಳು ಹೇಳೋರು ವಕೀಲರು ಅಂದೋಳು ನೀನಲ್ವಾ?”

ಅಕ್ಕ ತಲೆ ತಗ್ಗಿಸಿದಳು. ವಕೀಲಮ್ಮ ಕುರ್ಚಿ ಎಳೆದು ಅವಳನ್ನು ಕೂರಿಸಿದರು.

“ಹೆದರಿಕೆ ಆದಾಗ ಎಲ್ಲರಿಗೂ ಹಾಗೇ ಅನ್ಸುತ್ತಮ್ಮ. ಆದ್ರೆ ಅದು ನನ್ನ ಕೆಲಸ ಅಲ್ಲ. ನಾನು ವಕೀಲಿ ಶುರು ಮಾಡಿದ ಹೊಸದರಲ್ಲಿ ಜಮೀನು, ಬಾಡಿಗೆ ಕೇಸುಗಳನ್ನೇ ನೋಡ್ಕೊಂಡಿದ್ದೆ. ಒಂದ್ಸಲ ಒಬ್ಬ ಕಕ್ಷಿದಾರನ ಸಹಿ ಹಾಕಿಸ್ಕೊಳ್ಳೋಕೆ ಜೈಲಿಗೆ ಹೋದೆ. ಅಲ್ಲೊಬ್ಬ ಸಿಕ್ಕಿದ. ಸೈಕಲ್ ಕದ್ದಿದ್ದ, ಅವನೇ ಹೇಳಿದ. ಆ ತಪ್ಪಿಗೆ ಆಗೋ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೇನೇ ಇಲ್ಲದೆ ಒಳಗಿದ್ದ. ಯಾಕೆ ಅಂದ್ರೆ, ಇವನ ಕೇಸು ಏನಾಯ್ತು ಅಂತ ಕೇಳೋರು ಒಬ್ಬರೂ ಇರ್ಲಿಲ್ಲ. ಅವತ್ತಿಂದ ಈ ಕಡೆ ಬಂದೆ. ಮಾಡಿದಷ್ಟಕ್ಕೆ ಮಾತ್ರ ಶಿಕ್ಷೆ ಆಗ್ಲಿ. ಮಾಡದೇ ಇದ್ದಿದ್ದಕ್ಕೆ ಬೇಡ. ನಾನು ನಿಲ್ಲೋದು ಅದಕ್ಕೆ.”

“ನಿಜವಾಗ್ಲೂ ಕೆಟ್ಟೋರು ಬಂದ್ರೆ?” ಅಕ್ಕ ಕೇಳಿದಳು.

“ಬರ್ತಾರೆ. ಅವರ ಪರ ನಿಂತ ದಿನ ಮನೆಗೆ ಹೋದ್ಮೇಲೂ ಸಮಾಧಾನ ಇರಲ್ಲ. ಆದ್ರೂ ನಿಲ್ತೀನಿ. ಮಾತು ಕೇಳೋಕೆ ಮುಂಚೆನೇ ಯಾರು ಕೆಟ್ಟೋರು ಅಂತ ನಾನು ತೀರ್ಮಾನ ಮಾಡಿದ್ರೆ ನಿಮ್ಮ ತಮ್ಮನ ಮಾತು ಕೇಳೋರು ಯಾರು?”

ಅಕ್ಕ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಮನೆಗೆ ಬಂದು ತಮ್ಮನಿಗೆ ಹೇಳಿದ್ದು ಒಂದೇ ಮಾತು: “ಕೇಳಿದ್ರೆ, ತಳ್ಳಿದೆ ಅಂತಾನೇ ಹೇಳು.”

ವಕೀಲಮ್ಮ ಪ್ರೆಸ್ಸಿಗೆ ಹೋಗಿ ಆ ಮೆಟ್ಟಿಲುಗಳನ್ನು ಹತ್ತಿ ಇಳಿದು ನೋಡಿದರು. ಪ್ರತಿ ಮೆಟ್ಟಿಲ ಅಂಚಿಗೂ ಕಬ್ಬಿಣದ ಪಟ್ಟಿ ಬಡಿದಿತ್ತು.

ಕೆಲವು ತಿಂಗಳ ಮೇಲೆ ವಿಚಾರಣೆ ನಡೆಯಿತು. ಕಟಿಂಗ್ ಅಣ್ಣ ಸಾಕ್ಷಿ ಹೇಳಲು ಬಂದ. ವಕೀಲಮ್ಮ ಅವನ ಮೇಲೆ ಹರಿಹಾಯುತ್ತಾರೆಂದು ಅಕ್ಕ ಅಂದುಕೊಂಡಿದ್ದಳು. ಅವರು ಮೆಲ್ಲಗೆ ಕೇಳಿದರು: “ತಲೆ ಈಗ ಹೇಗಿದೆ?”

“ಒಂದೊಂದು ಸಲ ನೋಯುತ್ತೆ.”

“ಸಲಾಕೆ ನೀವು ಕಣ್ಣಾರೆ ನೋಡಿದ್ರಾ?”

ಅವನು ಕಟಕಟೆಯ ಅಂಚು ಹಿಡಿದು ನಿಂತ. “ಇಲ್ಲಮ್ಮ. ತಳ್ಳಿದ್ದು ಗೊತ್ತು. ಆಮೇಲೆ ಏನೂ ನೆನಪಿಲ್ಲ. ಎಚ್ಚರ ಆದಾಗ ಎಲ್ರೂ ಸಲಾಕೆ, ಸಲಾಕೆ ಅಂತಿದ್ರು. ನಾನೂ ಹಾಗೇ ಅಂದ್ಕೊಂಡೆ.”

ಅಲ್ಲಿದ್ದ ಬೇರೆ ಸಾಕ್ಷಿಗಳೂ ಸಲಾಕೆಯನ್ನು ನೋಡಿದವರಲ್ಲ, ಅದರ ಸುದ್ದಿ ಕೇಳಿದವರು. ಮೆಟ್ಟಿಲಿನ ಪಟ್ಟಿ ಬಡಿದರೂ ಇಂಥ ಗಾಯ ಆಗಬಹುದು ಎಂದು ವೈದ್ಯರು ಒಪ್ಪಿದರು. ತಮ್ಮನ ಸರದಿ ಬಂದಾಗ ಅವನು, “ಸಿಟ್ಟಲ್ಲಿ ತಳ್ಳಿದೆ, ಸ್ವಾಮಿ. ಹೊಡೆದಿಲ್ಲ” ಎಂದ.

ಸಲಾಕೆಯಿಂದ ಹೊಡೆದ ಆರೋಪ ಬಿದ್ದುಹೋಯಿತು. ತಳ್ಳಿದ್ದು ತಪ್ಪೆಂದು ತೀರ್ಪಾಯಿತು. ಇನ್ನು ಮುಂದೆ ಯಾರ ತಂಟೆಗೂ ಹೋಗುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಮನೆಗೆ ಕಳಿಸಿದರು.

ಹೊರಗೆ ಬೆಂಚಿನ ಮೇಲೆ ಕಟಿಂಗ್ ಅಣ್ಣ ಕೂತಿದ್ದ. ಅಕ್ಕ ತಮ್ಮನ ಬೆನ್ನಿಗೆ ಕೈಯಿಟ್ಟು ಅವನ ಹತ್ತಿರ ಕರೆದೊಯ್ದಳು.

“ತಪ್ಪಾಯ್ತಣ್ಣ” ಎಂದ ಹುಡುಗ.

“ಇವತ್ತೇ ಎಲ್ಲ ಮರೀತೀನಿ ಅನ್ನಲ್ಲಪ್ಪ. ಆದ್ರೆ ತಳ್ಳಿದೆ ಅಂತ ಎಲ್ಲರ ಮುಂದೆ ಒಪ್ಕೊಂಡ್ಯಲ್ಲ, ಅದು ಸಾಕು” ಎಂದು ಅವನು ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯವರ ಮೇಲೂ ಒಂದು ದಿನ ಆರೋಪ ಬರಬಹುದು. ಗಾಬರಿಯಲ್ಲಿ ಓದದ ಕಾಗದಕ್ಕೆ ಸಹಿ ಹಾಕಬೇಡಿ, ಹಾಕಲು ಬಿಡಬೇಡಿ. ನಮಗೆ ವಕೀಲರು ಬೇಕು ಎಂದು ಮೊದಲ ದಿನವೇ ಕೇಳಿ. ದುಡ್ಡಿಲ್ಲದಿದ್ದರೆ ನ್ಯಾಯಾಲಯದಲ್ಲಿರುವ ಉಚಿತ ಕಾನೂನು ನೆರವಿನ ಕೋಣೆ ಎಲ್ಲಿದೆ ಎಂದು ವಿಚಾರಿಸಿ. ಅದು ಭಿಕ್ಷೆಯಲ್ಲ, ನಿಮ್ಮ ಹಕ್ಕು. ಸಿಕ್ಕಿದ ವಕೀಲರಿಗೆ ನಾಚಿಕೆ ಬಿಟ್ಟು ಪೂರ್ತಿ ನಿಜ ಹೇಳಿ. ಬೀದಿಯಲ್ಲಿ ಯಾರನ್ನಾದರೂ ಹಿಡಿದುಕೊಂಡು ಹೋದಾಗ ‘ಅವನೇ ಮಾಡಿರಬೇಕು’ ಎನ್ನುವ ಮುಂಚೆ, ನೀವು ಅದನ್ನು ನೋಡಿದಿರಾ, ಬರೀ ಕೇಳಿದಿರಾ ಎಂದು ನಿಮ್ಮನ್ನು ನೀವೇ ಒಮ್ಮೆ ಕೇಳಿಕೊಳ್ಳಿ.