ಕಿರಿಯವಳ ವರ್ಷ

ನೆಲಮಾಳಿಗೆಯ ಕಟ್ಟಕಡೆಯ ಕಪಾಟಿನ ಮುಂದೆ ಮಂಡಿಯೂರಿ, ಇಲ್ಲವೆಂದು ಚೆನ್ನಾಗಿ ಗೊತ್ತಿದ್ದ ಬಾಟಲಿಯನ್ನು ಯಜಮಾನರು ಮೂರನೆಯ ಸಲ ಹುಡುಕುತ್ತಿದ್ದರು. ಸೊಂಟ ಹಿಡಿದುಕೊಂಡಿತ್ತು. ಕಿರಿಯ ಮಗಳ ಮದುವೆಗೆ ಇನ್ನು ಒಂಬತ್ತೇ ದಿನ.

ವೈನ್ ಅಂಗಡಿಯ ಈ ಮನೆಯಲ್ಲಿ ಅವರೇ ಮಾಡಿಕೊಂಡ ಪದ್ಧತಿ ಒಂದಿತ್ತು. ಇಟ್ಟಷ್ಟೂ ಹದವಾಗುವ ಪೋರ್ಟ್ ವೈನಿನಲ್ಲಿ ಮಗು ಹುಟ್ಟಿದ ವರ್ಷದ್ದನ್ನು ತೆಗೆದಿಟ್ಟು, ಆ ಮಗುವಿನ ಮದುವೆಯಲ್ಲಿ ತೆರೆಯುವುದು. ಹಿರಿಯವಳು ಹುಟ್ಟಿದ್ದು ದ್ರಾಕ್ಷಿ ಬೆಳೆಗೆ ಭರ್ಜರಿ ವರ್ಷದಲ್ಲಿ. ಹನ್ನೆರಡು ಬಾಟಲಿ ಇಟ್ಟಿದ್ದರು. ಅವಳ ಮದುವೆಗೆ ಬಂದವರು ಇವತ್ತಿಗೂ ಬಾಯಿ ಚಪ್ಪರಿಸುತ್ತಾರೆ. ಕಿರಿಯವಳು ಹುಟ್ಟಿದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿದುಕೊಂಡಿತು. ಆ ವರ್ಷದ ಹೆಸರಿನಲ್ಲಿ ಬಾಟಲಿ ಹೊರಡಿಸುವುದೇ ಇಲ್ಲವೆಂದು ದೊಡ್ಡ ತಯಾರಕರೆಲ್ಲ ಕೈತೊಳೆದುಕೊಂಡರು. ಒಂದೆರಡು ಚಿಕ್ಕ ತೋಟದವರು ಮಾತ್ರ ಧೈರ್ಯ ಮಾಡಿದರು.

"ಅದನ್ನ ಕೊಳ್ಳೋನು ಮೂರ್ಖ" ಎಂದು ಯಜಮಾನರು ಕೌಂಟರಿನ ಮೇಲೆ ಕೈ ಬಡಿದು ಗಿರಾಕಿಗಳಿಗೆ ಹೇಳಿದ್ದರು. ಒಂದು ಸಲವಲ್ಲ, ಇಪ್ಪತ್ತೇಳು ವರ್ಷ ಹೇಳಿದ್ದರು. ಶಾಲೆ ಬಿಟ್ಟು ಬಂದು ಅದೇ ಕೌಂಟರಿನ ಹಿಂದೆ ಕೂತು ಕಾಪಿ ಬರೆಯುತ್ತಿದ್ದ ಹುಡುಗಿಗೂ ಕಿವಿಗಳಿದ್ದವು ಎಂಬುದು ಅವರಿಗೆ ಹೊಳೆದದ್ದು ಮೊನ್ನೆ, ಬೀಗರು ನಗುನಗುತ್ತ "ಇವಳ ವರ್ಷದ್ದೂ ಇಟ್ಟಿದ್ದೀರಿ ತಾನೆ?" ಎಂದು ಕೇಳಿದಾಗ. "ಇಲ್ದೆ ಏನು!" ಅಂದುಬಿಟ್ಟಿದ್ದರು. ಪಕ್ಕದಲ್ಲಿದ್ದ ಮಗಳು ತಲೆ ಎತ್ತಿರಲಿಲ್ಲ.

ಕೊನೆಗೆ ಬಿಂಕ ಬಿಟ್ಟು ಡೊಳ್ಳಣ್ಣನ ಅಂಗಡಿಗೆ ಹೋದರು. ಪಕ್ಕದ ಬೀದಿಯ ಈ ವೈನ್ ವ್ಯಾಪಾರಿ ಆ ವರ್ಷದ್ದನ್ನು ಎರಡು ಪೆಟ್ಟಿಗೆ ಕೊಂಡಾಗ ಊರೆಲ್ಲ ಹೇಳಿಕೊಂಡು ನಕ್ಕವರು ಇವರೇ.

"ಒಂದಾದ್ರೂ ಉಳಿದಿದ್ಯಾ?"

"ಈಗ ಬಂದ್ಯಾ ಮಹಾರಾಯ!" ಡೊಳ್ಳಣ್ಣ ಹೊಟ್ಟೆ ಕುಣಿಸಿ ನಕ್ಕ. "ದೊಡ್ಡ ವರ್ಷದ್ದು ನಮ್ಮ ತಲೆ ನರೆಯೋವರೆಗೆ ಕಾಯಿಸುತ್ತೆ. ಇದು ಹನ್ನೆರಡು ವರ್ಷಕ್ಕೇ ಹದಕ್ಕೆ ಬಂದಿತ್ತು, ಬೆಲೆನೂ ಕಮ್ಮಿ. ಕೊಳ್ಳೋಕೆ ಲಾಯಕ್ಕಾಗೇ ಇತ್ತು ಕಣಯ್ಯ." ಇವರ ಮುಖ ನೋಡಿ ನಗು ನಿಲ್ಲಿಸಿದ. "ನಿಂಗೆ ಗೊತ್ತಿಲ್ವಾ? ಕೊನೇ ಐದನ್ನೂ ತಗೊಂಡಿದ್ದು ನಿನ್ನ ಚಿಕ್ಕ ಮಗಳೇ. ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಹುಟ್ಟಿದ ದಿನ ಬಂದು ಒಂದೊಂದು ಒಯ್ಯೋಳು. ಅಪ್ಪನಿಗೇ ಅಂದ್ಕೊಂಡಿದ್ದೆ."

ಯಜಮಾನರು ಮನೆಗೆ ಬಂದಾಗ ಮಗಳು ತನ್ನ ಕೋಣೆಯಲ್ಲಿ ಸೂಟ್‌ಕೇಸಿಗೆ ಬಟ್ಟೆ ಜೋಡಿಸುತ್ತಿದ್ದಳು.

"ಡೊಳ್ಳಣ್ಣನ ಹತ್ರ ಹೋಗಿದ್ದೆ," ಅಂದರು. "ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಏನಂತಿದ್ದೆ ಅಪ್ಪ? ಕೊಳ್ಳೋನು ಮೂರ್ಖ ಅಂತಿದ್ದೆ."

ಅವಳು ರೇಗಿದ್ದರೆ ಇವರಿಗೂ ರೇಗಲು ಬರುತ್ತಿತ್ತು. ಅವಳು ರೇಗಲಿಲ್ಲ, ಸೀರೆಯ ಅಂಚು ಸರಿಮಾಡಿ ಮಡಿಸಿಟ್ಟಳು. ನಾಚಿಕೆಯಿಂದ ಯಜಮಾನರ ಕಿವಿ ಬಿಸಿಯಾಯಿತು.

"ಹೇಗಿತ್ತು?" ಎಂದು ಕೇಳಿದರು.

"ಚೆನ್ನಾಗಿತ್ತು."

ಒಂದು ಗುಟುಕಿನ ಬಗ್ಗೆ ಗಿರಾಕಿಗಳಿಗೆ ಅರ್ಧ ಗಂಟೆ ಕೊರೆಯುತ್ತಿದ್ದ ಯಜಮಾನರು ಆ ಒಂದೇ ಮಾತಿಗೆ ತಲೆಯಾಡಿಸಿದರು. ಮಗಳು ಬೀರುವಿನ ಸ್ವೆಟರುಗಳ ಕೆಳಗೆ ಕೈಹಾಕಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದ ಬಾಟಲಿಯೊಂದನ್ನು ತೆಗೆದಳು.

"ಇದೊಂದು ಉಳಿದಿದೆ. ಮದುವೆಗೆ ಇಟ್ಕೋ."

"ಎಲ್ರ ಮುಂದೆ ಹೇಳಿಬಿಡ್ತೀನಮ್ಮ, ನಾನಿಟ್ಟಿದ್ದಲ್ಲ ಅಂತ."

"ಬೇಡ." ಮೊದಲ ಸಲ ಅವಳು ಅಪ್ಪನತ್ತ ತಿರುಗಿದಳು. "ಅಪ್ಪ ನಂಗೋಸ್ಕರ ಏನೂ ಎತ್ತಿಡಲಿಲ್ಲ ಅಂತ ಆ ಮನೆಯವರಿಗೆ ಗೊತ್ತಾಗೋದು ಬೇಡ."

ಬಟ್ಟೆ ಬಿಚ್ಚಿದಳು. ನೆಲಮಾಳಿಗೆಯ ಧೂಳನ್ನೇ ಕಾಣದ ಬಾಟಲಿ ಈಗ ತಾನೇ ತೊಳೆದಿಟ್ಟಂತೆ ಫಳಫಳ ಹೊಳೆಯುತ್ತಿತ್ತು. ಅದನ್ನು ತಿರುಗಿಸಿ ನೋಡಿ, ಸ್ಟೂಲು ಎಳೆದುಕೊಂಡು ಹತ್ತಿ ಬೀರುವಿನ ನೆತ್ತಿಯ ಮೇಲೆ ಅಂಗೈ ಎಳೆದಳು. ಇಳಿದು, ಕೈಗೆ ಮೆತ್ತಿದ ಧೂಳನ್ನು ಬಾಟಲಿಯ ಭುಜಕ್ಕೂ ಕುತ್ತಿಗೆಗೂ ನಿಧಾನವಾಗಿ ಸವರತೊಡಗಿದಳು. ಅದು ಜಾರದಂತೆ ಯಜಮಾನರು ಎರಡೂ ಕೈಯಿಂದ ಬುಡ ಹಿಡಿದುಕೊಂಡರು.