ಯಾವ ನಾಯಕರ್ರೀ?

ಕರೀಂಸಾಬ್ ಮಾಸ್ತರರಿಗೆ ಉರ್ದುವಿನಲ್ಲಿ ಮಜಮೂನು ಬರೆಸುವುದೆಂದರೆ ನೀರು ಕುಡಿದಷ್ಟು ಸಲೀಸಾಗಿತ್ತು. ನಿಜಾಮರ ಕಾಲ ಮುಗಿದು ಮಸ್ಕಿಯ ಸಾಲೆ ಕನ್ನಡಕ್ಕೆ ತಿರುಗಿದ ಮೇಲೆ ಅದೇ ಮಜಮೂನು ಪ್ರಬಂಧವಾಗಿ ಅವರ ಕೊರಳಿಗೆ ಬಿತ್ತು. ನಾಲಿಗೆಯ ಮೇಲೆ ಹುಟ್ಟಿನಿಂದ ಇದ್ದ ಕನ್ನಡ ಕೈಗೆ ಬರುವಷ್ಟರಲ್ಲಿ ಅವರ ಗಡ್ಡ ಬೆಳ್ಳಗಾಗಿತ್ತು. ಹಗಲು ಮಕ್ಕಳಿಗೆ ಕಲಿಸಬೇಕು, ಸಂಜೆ ತಾವು ಕಲಿಯಬೇಕು. ಮನುಷ್ಯ ದಣಿದು ಹೋಗಿದ್ದರು.

ಅಂಥದ್ದರಲ್ಲಿ ಇನ್ಸ್‌ಪೆಕ್ಟರ್ ಸಾಹೇಬರ ತಪಾಸಣೆ ಬಂತು. ಸಾಹೇಬರು ಧಾರವಾಡದ ಕಡೆಯವರು, ಹೊಸಬರು. ನಾಲ್ಕನೇ ತರಗತಿಯವರು ಬರೆಯಬೇಕಾದ ವಿಷಯವನ್ನೂ ತಾವೇ ಹೇಳಿ ಕಳಿಸಿದ್ದರು: ‘ನನ್ನ ಮೆಚ್ಚಿನ ನಾಯಕ’. ಪ್ರಬಂಧ ಕೆಟ್ಟರೆ ಮಾಸ್ತರರಿಗೆ ಬೇರೆ ಊರಿಗೆ ತಬಾದಲೆ ಖಾತ್ರಿ ಎಂದು ಲಿಂಗಸುಗೂರಿನಿಂದ ಬಂದವರು ಹೇಳಿ ಹೋಗಿದ್ದರು. ಕರೀಂಸಾಬರಿಗೆ ತಮ್ಮ ಚಿಂತೆ ಇರಲಿಲ್ಲ. ಹೆಂಡತಿ ಮಾಬುಬೀಗೆ ಮೊಣಕಾಲು ಹಿಡಿದುಹೋಗಿದ್ದವು, ಹಿತ್ತಲಿಗೆ ಹೋಗಬೇಕಾದರೂ ಗೋಡೆ ಹಿಡಿಯುತ್ತಿದ್ದಳು. ನೀರು ತುಂಬಿ, ರೊಟ್ಟಿ ಬಡಿದು ಕೊಡುವ ಅವಳ ತಂಗಿ ಸುಭಾನಬಿ ಇದ್ದದ್ದು ಪಕ್ಕದ ಮನೆಯಲ್ಲಿ. ಮಸ್ಕಿ ಬಿಟ್ಟರೆ ಮಾಬುಬೀಯನ್ನು ನೋಡುವವರು ಯಾರು?

ಹಲಗೆಯ ಮೇಲೆ ವಿಷಯ ಬರೆದು ಮಾಸ್ತರರು ಕುರ್ಚಿಯಲ್ಲಿ ಕುಸಿದರು. ಕಿರಾಣಿ ಅಂಗಡಿಯವರ ಮಗ ಸೂಗಪ್ಪ ಎದ್ದು ನಿಂತ.

“ಯಾವ ನಾಯಕರ್ರೀ?”

“ನಿನಗ ಯಾರು ಸೇರ್ತಾರ ಅವರು. ಬರಿ, ತಲಿ ತಿನ್ನಬ್ಯಾಡ.”

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತಾಯಿತು ಮಾಸ್ತರರ ಮಾತು. ಸಂಜೆ ಮನೆಯಲ್ಲಿ ಹಾಳೆ ಬಿಚ್ಚಿದಾಗ ಅದು ಅವರಿಗೇ ತಿಳಿಯಿತು. ಆ ಸೀಮೆಯಲ್ಲಿ ನಾಯಕರು ಎಂದರೆ ಒಂದು ಕುಲ, ಊರಲ್ಲಿ ಅವರದೇ ಒಂದು ಓಣಿ. ಮಕ್ಕಳು ಆ ಓಣಿಯನ್ನೇ ಹೊಕ್ಕಿದ್ದರು. ‘ನಾಯಕರಲ್ಲಿ ನನಗೆ ಪಂಪಣ್ಣ ಮೆಚ್ಚು. ಅವನ ಎತ್ತು ಹಾಯುವುದಿಲ್ಲ’ ಎಂದು ಒಬ್ಬ ಬರೆದಿದ್ದ. ‘ನಮ್ಮ ಓಣಿಯಲ್ಲಿ ನಾಯಕರು ಇಲ್ಲ. ಇಲ್ಲದವರನ್ನು ಮೆಚ್ಚುವುದು ಹೇಗೆ’ ಎಂದು ಸೂಗಪ್ಪ ಕೈತೊಳೆದುಕೊಂಡಿದ್ದ.

ಓದಿದ್ದನ್ನು ಕೇಳಿ ಮಾಬುಬೀ ಮೊಣಕಾಲು ಹಿಡಿದುಕೊಂಡೇ ನಕ್ಕಳು. ಕರೀಂಸಾಬರಿಗೆ ನಗು ಬರಲಿಲ್ಲ. ಕೊನೆಯ ಹಾಳೆ ಯಂಕಮ್ಮನದು. ‘ನಾವೇ ನಾಯಕರು. ನನ್ನ ಮೆಚ್ಚಿನ ನಾಯಕ ನಮ್ಮಪ್ಪ ದುರುಗಪ್ಪ. ಹಳ್ಳ ಬಂದಾಗ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ದಾಟಿಸಿ ಸಾಲೆಗೆ ಬಿಟ್ಟನು. ಅವನಿಗೆ ಅಕ್ಷರ ಬರುವುದಿಲ್ಲ. ಅವನಿಗೆ ಭಯವೂ ಬರುವುದಿಲ್ಲ.’

ತಪಾಸಣೆಯ ದಿನ ಬೆಳಿಗ್ಗೆ ಮಾಸ್ತರರು ಹೊಸ ಹಾಳೆ ಹಂಚಿದರು.

“ನಾಯಕ ಅಂದ್ರ ಕುಲ ಅಲ್ರೋ. ಯಾರನ್ನ ನೋಡಿದ್ರ ನಾನೂ ಹಿಂಗ ಆಗಬೇಕು ಅನಸ್ತದ, ಅವರು ನಾಯಕರು. ಗಾಂಧಿ ಮಹಾತ್ಮರ ಮ್ಯಾಲೆ ಬರೀರಿ. ನಾ ಹೇಳ್ತೀನಿ.”

ಎಲ್ಲರೂ ಬಗ್ಗಿದರು. ಯಂಕಮ್ಮ ಮಾತ್ರ ಬಗ್ಗಲಿಲ್ಲ.

“ಹಂಗಾದ್ರ ನಮ್ಮಪ್ಪ ನಾಯಕ ಅಲ್ಲೇನ್ರೀ?”

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು.

“ಹೌದವ್ವ. ನಿಂದು ಹಂಗs ಇರಲಿ.”

ಮಧ್ಯಾಹ್ನ ಸಾಹೇಬರು ಹಾಳೆ ತಿರುವಿದರು. ಎಲ್ಲದರಲ್ಲೂ ಅದೇ ಗಾಂಧಿ, ಅದೇ ವಾಕ್ಯ. ಸಾಹೇಬರು ತಲೆದೂಗುತ್ತ ಹೋಗಿ ಯಂಕಮ್ಮನ ಹಾಳೆಗೆ ಬಂದು ನಿಂತರು.

“ಇದೇನ್ರಿ ಇದು? ಹುಡುಗಿ ತಪ್ಪೋ, ಕಲಿಸಿದವರ ತಪ್ಪೋ?”

ಹುಡುಗಿ ದಡ್ಡಿ ಎಂದರೆ ಸಾಕಿತ್ತು. ಮಾಬುಬೀಯ ಮೊಣಕಾಲು ಕಣ್ಣ ಮುಂದೆ ಬಂದವು. ಎದುರಿಗೆ ಯಂಕಮ್ಮ ಅವರನ್ನೇ ನೋಡುತ್ತಿದ್ದಳು.

“ತಪ್ಪಿಲ್ರೀ ಸಾಹೇಬ್ರ,” ಎಂದರು ಕರೀಂಸಾಬ್. “ಆಕಿ ಒಬ್ಬಾಕಿನs ಪ್ರಬಂಧ ಬರದಾಳ. ಉಳಿದದ್ದೆಲ್ಲ ನಾ ಬರಸಿದ್ದು.”

ಸಾಹೇಬರ ಮುಖ ಗಂಟಾಯಿತು. ತಿಂಗಳು ತುಂಬುವುದರೊಳಗೆ ತುರ್ವಿಹಾಳಕ್ಕೆ ತಬಾದಲೆ ಬಂತು.

“ಒಂದು ಸುಳ್ಳು ಹೇಳಿದ್ರ ಏನಾಗ್ತಿತ್ತು?” ಎಂದಳು ಮಾಬುಬೀ.

“ಹೇಳಾಕೂ ಬ್ಯಾಸರಾಗಿತ್ತು,” ಎಂದರು. ಅದು ಪೂರ್ತಿ ನಿಜವಲ್ಲ ಎಂದು ಅವಳಿಗೂ ಗೊತ್ತಿತ್ತು.

ಹೊರಡುವ ದಿನ ಕರೆಯದೆಯೇ ದುರುಗಪ್ಪ ಬಂದ. ಟ್ರಂಕು ಹೊತ್ತು ಗಾಡಿಗೆ ಹಾಕಿದ. ಅಳುತ್ತಿದ್ದ ಸುಭಾನಬಿಯ ಜೊತೆ ಸೇರಿ ಮಾಬುಬೀಯನ್ನು ಹಾಸಿಗೆ ಸಮೇತ ಎತ್ತಿ ಕೂಡಿಸಿದ. ಆಮೇಲೆ ಗಾಲಿಯ ಮೇಲೆ ಕೈಯಿಟ್ಟು ನಿಂತ.

“ಮಾಸ್ತರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸಾಬರೊಳಗೂ ನಾಯಕರು ಇರ್ತಾರೇನ್ರೀ?”

“ಯಾಕಪಾ?”

“ನಿನ್ನಿ ನಮ್ಮ ಯಂಕಿ ಏನೋ ಬರಿಯಾಕತ್ತಿದ್ದಳ್ರೀ. ಏನವ್ವ ಅಂದ್ರ, ನಮ್ಮ ಕರೀಂಸಾಬ್ ನಾಯಕ ಅಂದಳು. ಇಷ್ಟು ದಿನ ನಮಗ ಗೊತ್ತs ಇರಲಿಲ್ಲ. ನೀವು ನಮ್ಮವರs ಏನ್ರೀ?”

ಅರ್ಥ ಬಿಡಿಸಿ ಹೇಳಬೇಕೆಂದು ಬಾಯಿ ತೆರೆದ ಕರೀಂಸಾಬರು, ಗಾಲಿಯ ಮೇಲಿದ್ದ ಅವನ ಕೈಯ ಮೇಲೆ ತಮ್ಮ ಕೈ ಇಟ್ಟರು.

“ಹೂನಪಾ,” ಎಂದರು. “ನಿಮ್ಮವನs.”