ಎಲ್ಲಿಗೆ ಅಂತ ಕೇಳಬಾರದು

ಎಎಸ್‌ಐ ಪಿಳ್ಳಪ್ಪ ಮೂರನೆಯ ಕೊಡವನ್ನೂ ಬಿಸಿಲಿಗೆ ಹಿಡಿದು, ಕಂಠದ ಸುತ್ತ ತಿರುಗಿಸುತ್ತ ಓದಿದ.

"ಚಿರಂಜೀವಿ ಸೌಭಾಗ್ಯವತಿ ವಾಣಿಶ್ರೀಗೆ ಸೋದರಮಾವ ದೊಡ್ಡಮುನಿಯಪ್ಪ ಮತ್ತು ಮಕ್ಕಳು, ಆವತಿ." ತಲೆಯೆತ್ತಿ ನೋಡಿದ. "ಹಂಗಾದ್ರೆ ಆವತಿಗೆ ಹೊರಟಿದೀಯಾ?"

ವಾಣಿಶ್ರೀ ಸ್ಟೀರಿಂಗಿನ ಮೇಲಿನ ಕೈ ತೆಗೆಯದೆ ರಸ್ತೆ ನೋಡಿದಳು.

ಪಿಳ್ಳಪ್ಪ ಕೊಡವನ್ನು ಹುಣಸೆ ಮರದ ಬುಡಕ್ಕೆ ಇಟ್ಟ. ಅಲ್ಲಿ ಆಗಲೇ ಎರಡು ಕೊಡ, ಒಂದು ಇಡ್ಲಿ ಪಾತ್ರೆ, ಒಂದು ಬೋಗುಣಿ ಸಾಲಾಗಿ ಕೂತಿದ್ದವು. ದೇವನಹಳ್ಳಿ ಬೈಪಾಸಿನಲ್ಲಿ ಹೋಗುವ ಬೈಕಿನವರು ವೇಗ ಇಳಿಸಿ, ಪೊಲೀಸರು ಪಾತ್ರೆ ವ್ಯಾಪಾರಕ್ಕೆ ಇಳಿದಿದ್ದಾರೆಯೇ ಎಂದು ನೋಡಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಮುಂದೆ ಹೋಗುತ್ತಿದ್ದರು.

ಮದುವೆಗೆ ಮುಯ್ಯಿ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು, ತಾರೀಖನ್ನು ಚುಕ್ಕಿಚುಕ್ಕಿಯಾಗಿ ಕೊರೆಸುವುದು ಈ ಕಡೆಯ ಪದ್ಧತಿ. ಯಾರು ಏನು ಕೊಟ್ಟರು ಎನ್ನುವುದು ಯಾರಿಗೂ ಮರೆಯಬಾರದು. ವಾಣಿಶ್ರೀ ಎಲ್ಲವನ್ನೂ ಯೋಚಿಸಿಯೇ ಹೊರಟಿದ್ದಳು. ಟಾರ್ಪಾಲು ಬಿಗಿದಿದ್ದಳು. ಹಗ್ಗಕ್ಕೆ ಎರಡೆರಡು ಗಂಟು ಹಾಕಿದ್ದಳು. ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟು, ಬೆಂಕಿ ಆರಿಸುವ ಸಿಲಿಂಡರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅದರೊಳಗೆ ಅವಧಿ ಮುಗಿಯದ ಟಿಂಚರು, ಎಲ್ಲ ಇದ್ದವು. ತಾನು ಬಾಯಿ ಮುಚ್ಚಿಕೊಂಡರೂ ಪಾತ್ರೆಗಳು ಮಾತಾಡುತ್ತವೆ ಎನ್ನುವುದೊಂದು ಹೊಳೆದಿರಲಿಲ್ಲ.

ನಾಲ್ಕು ಚಕ್ರದ ಆ ಪುಟ್ಟ ಗೂಡ್ಸ್ ಗಾಡಿ ಅವಳದೇ. ಹೆಂಗಸರ ಹೆಸರಿನಲ್ಲಿ ಅರ್ಜಿ ಹಾಕಿದರೆ ಸಬ್ಸಿಡಿ ಸಿಗುತ್ತದೆಂದು ಗಂಡ ಅನಿಲ್‌ಕುಮಾರ್ ಅವಳ ಹೆಸರಿನಲ್ಲಿ ಹಾಕಿದ್ದ. ಅರ್ಜಿದಾರಳಿಗೆ ಲೈಸೆನ್ಸ್ ಇರಬೇಕೆಂದು ಆಫೀಸಿನವರು ಹೇಳಿದ್ದಕ್ಕೆ ಡ್ರೈವಿಂಗ್ ಶಾಲೆಗೂ ಅವನೇ ಸೇರಿಸಿದ್ದ. ಮೂರು ವರ್ಷ ಗಾಡಿಯನ್ನು ಅವನೇ ಓಡಿಸಿದ. ಇವತ್ತು ಬೆಳಿಗ್ಗೆ ಅವನು ಬೈಕಿನಲ್ಲಿ ಬೆಂಗಳೂರಿಗೆ ಹೋದ ಮೇಲೆ, ಆರ್‌ಸಿ ಪುಸ್ತಕದಲ್ಲಿ ಹೆಸರಿದ್ದವಳು ಬಂದು ಸ್ಟೀರಿಂಗ್ ಹಿಡಿದಳು.

ಪೊಲೀಸರು ನಿಲ್ಲಿಸಿದ್ದಕ್ಕೆ ಕಾರಣವೇನೂ ಇರಲಿಲ್ಲ. ಸೀರೆ ಉಟ್ಟವಳು ಗೂಡ್ಸ್ ಗಾಡಿ ಓಡಿಸುತ್ತಿದ್ದಳು, ಅಷ್ಟೆ. ಕಾಗದ ಕೇಳಿದರು, ಕೊಟ್ಟಳು. ಹೆಸರು ಕೇಳಿದರು, ಹೇಳಿದಳು. ವಿಳಾಸ ಕೇಳಿದರು, ಲೈಸೆನ್ಸಿನಲ್ಲಿದೆ ಎಂದಳು. ಅದು ಗಂಡನ ಮನೆಯ ವಿಳಾಸ. ಮನೆ ಬದಲಾದರೆ ತಿಳಿಸಲು ಮೂವತ್ತು ದಿನ ಕೊಡುತ್ತಾರೆಂದು ವಕೀಲೆಯೊಬ್ಬರು ಹೇಳಿದ್ದರು. ಮನೆ ಬಿಟ್ಟು ಒಂದೂವರೆ ಗಂಟೆಯಾಗಿತ್ತು.

ಆಮೇಲೆ ಪಿಳ್ಳಪ್ಪ, "ಎಲ್ಲಿಗೆ?" ಎಂದು ಕೇಳಿದ್ದ. ಅದಕ್ಕೆ ಅವಳು, "ಅದನ್ನ ಹೇಳಲ್ಲ ಸರ್," ಎಂದಿದ್ದಳು. ಪಾತ್ರೆಗಳು ಕೆಳಗಿಳಿದದ್ದು ಆಗಲೇ.

ಈ ಹಿಂದೆ ಎರಡು ಸಲ ಮನೆ ಬಿಟ್ಟಿದ್ದಳು. ಮೊದಲ ಸಲ ಅರಿಶಿನಕುಂಟೆಯ ತವರಿಗೆ ಹೋದಾಗ ಹಾಲಿನ ಡೈರಿಯ ಜಗಲಿಯಲ್ಲಿ ಕೂತಿದ್ದವರು ಗಂಡನಿಗೆ ಹೇಳಿದ್ದರು. ಎರಡನೆಯ ಸಲ ಗೆಳತಿಯ ಮನೆಗೆ ಹೋದಾಗ ಆಟೋದವನು ಹೇಳಿದ್ದ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಅವನು ಕೇಳಿದ, ಅವರು ಹೇಳಿದರು. ಎರಡನೆಯ ಸಲ ವಾಪಸ್ ಬಂದ ವಾರದಲ್ಲಿ ಅವಳ ಎಡಗೈಗೆ ಪ್ಲಾಸ್ಟರ್ ಬಿತ್ತು. ಬಚ್ಚಲಲ್ಲಿ ಜಾರಿದ್ದು ಎಂದು ಎಲ್ಲರೂ ಒಪ್ಪಿಕೊಂಡರು. ಈ ಸಲ ಹಿಡಿದ ಬಾಡಿಗೆ ಮನೆ ಯಾವ ಊರಿನಲ್ಲಿದೆ ಎನ್ನುವುದು ಅವಳಿಗೆ, ಮನೆಯ ಒಡತಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಪಕ್ಕದ ಸೀಟಿನಲ್ಲಿದ್ದ ಸೋದರತ್ತೆ ಅಮ್ಮಯಮ್ಮನಿಗೂ ಗೊತ್ತಿರಲಿಲ್ಲ. ಅದಕ್ಕೇ ಪಿಳ್ಳಪ್ಪ ಅವಳ ಕಡೆ ತಿರುಗಿದ್ದು ವ್ಯರ್ಥವಾಯಿತು.

"ನೀವಾದ್ರೂ ಹೇಳಿ ಅಜ್ಜಿ. ಎಲ್ಲಿಗೆ?"

"ಥೂ, ಬಿಡ್ತು ಅನ್ನಪ್ಪಾ! ಹೊರಟೋರ್ನ ಎಲ್ಲಿಗೆ ಅಂತ ಕೇಳ್ತಾರಾ? ಹೋದ ಕೆಲಸ ಆಗ್ಬೇಕೋ ಬೇಡ್ವೋ? ಇಷ್ಟು ದೊಡ್ಡ ಮೀಸೆ ಬಿಟ್ಟಿದೀಯ, ದೂರ ಹೊರಟ್ರಾ ಅನ್ಬೇಕು ಅಂತ ಗೊತ್ತಿಲ್ವಾ?"

"ಸರಿ. ದೂರ ಹೊರಟ್ರಾ?"

"ಹೂಂ ಕಣಪ್ಪ, ದೂರ."

"ಎಷ್ಟು ದೂರ?"

"ನಂಗೇನು ಗೊತ್ತು? ನಾನೂ ಕೇಳಿಲ್ಲ, ಅಪಶಕುನ ಅಂತ."

ಉಳಿದದ್ದನ್ನೆಲ್ಲ ಅಮ್ಮಯಮ್ಮ ಕೇಳದೆಯೇ ಹೇಳಿದಳು. ತನ್ನ ಮೊಣಕಾಲು ನೋವು, ವಾಣಿಶ್ರೀ ಹುಟ್ಟಿದ ನಕ್ಷತ್ರ, ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದು, ಬೀಗರ ಕಡೆಯವರು ಎರಡನೇ ಪಂಕ್ತಿಗೇ ಪಾಯಸ ಮುಗಿಸಿದ್ದು. ಅದು ಅವಳ ತಪ್ಪಲ್ಲ. ರಾಂಗ್ ನಂಬರ್ ಕರೆ ಬಂದರೂ ಊಟ ಆಯ್ತಾ ಎಂದು ಕೇಳಿ ಫೋನಿಡುವ ಮನೆತನ ಅವರದು. ವಾಣಿಶ್ರೀ ಕೂಡ ಮೂವತ್ತೊಂದು ವರ್ಷದಲ್ಲಿ ಯಾರ ಪ್ರಶ್ನೆಯನ್ನೂ ಹಾಗೇ ಬಿಟ್ಟವಳಲ್ಲ. ಅವಳು ಹೊಲಿಗೆ ಕೆಲಸ ಮಾಡುವ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಬಂದು ಕಾನೂನು ಹೇಳಿಕೊಟ್ಟ ಆ ವಕೀಲೆ, "ನಿಲ್ಲಿಸಿದರೆ ನಿಲ್ಲಿ, ಕಾಗದ ತೋರಿಸಿ, ಹೆಸರು ವಿಳಾಸ ಹೇಳಿ. ಎಲ್ಲಿಂದ, ಎಲ್ಲಿಗೆ, ಯಾಕೆ ಅನ್ನೋದಕ್ಕೆ ಉತ್ತರ ಕೊಡಲೇಬೇಕು ಅಂತಿಲ್ಲ. ಸುಳ್ಳು ಮಾತ್ರ ಹೇಳಬೇಡಿ," ಎಂದಾಗ ಹೊಲಿಗೆ ಹಾಕಿದಷ್ಟು ಸುಲಭ ಎನಿಸಿತ್ತು. ಈಗ ಉತ್ತರ ಗಂಟಲಿನವರೆಗೆ ಬಂದು ಬಂದು ಹೋಗುತ್ತಿತ್ತು. ಸೀನು ತಡೆದ ಹಾಗೆ ತಡೆಯಬೇಕಾಗಿತ್ತು.

"ಬಟ್ಟೆ ತಗೊಂಡು ಹೋದ್ರೆ ಮುನಿಸು," ಪಿಳ್ಳಪ್ಪ ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಅರ್ಪಿತಳಿಗೆ ಪಾಠ ಹೇಳುವಂತೆ ಹೇಳಿದ. "ಪಾತ್ರೆ ತಗೊಂಡು ಹೋದ್ರೆ ಮುಗೀತು. ಇದು ಪಾತ್ರೆ ಕೇಸು."

"ಸರ್," ಎಂದಳು ಅರ್ಪಿತ. ಅವಳಿಗೆ ಇಪ್ಪತ್ತೈದಿರಬಹುದು. ಕೈಯಲ್ಲಿ ದಂಡ ಹಾಕುವ ಮೆಷಿನ್ನು ಹಿಡಿದು ಮುಖದಲ್ಲಿ ಏನನ್ನೂ ತೋರಿಸದೆ ನಿಂತಿದ್ದಳು.

ಪಿಳ್ಳಪ್ಪ ಟಾರ್ಪಾಲಿನೊಳಗೆ ಕೈಹಾಕಿ ಅಕ್ಕಿ ತುಂಬಿದ ಸ್ಟೀಲ್ ಡ್ರಮ್ಮನ್ನು ಅಂಚಿಗೆ ಎಳೆದ. ಗಂಡನ ಕಡೆಯವರು ಕೊಟ್ಟ ಯಾವುದನ್ನೂ ತರಬಾರದೆಂದೇ ವಾಣಿಶ್ರೀ ಇದ್ದದ್ದು. ಆದರೆ ಅಕ್ಕಿ ಅದರಲ್ಲಿತ್ತು, ಬೇರೆ ಚೀಲಕ್ಕೆ ಸುರಿಯುವಷ್ಟು ಹೊತ್ತು ಇರಲಿಲ್ಲ. ಪಿಳ್ಳಪ್ಪ ಕನ್ನಡಕ ಏರಿಸಿ ಓದತೊಡಗಿದ. ಈ ಸಲ ಗಟ್ಟಿಯಾಗಿ ಓದಲಿಲ್ಲ. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದ.

"ಏನ್ ಬರೆದಿದೆ ಸರ್?" ಎಂದಳು ಅರ್ಪಿತ.

"ನನ್ನ ಹೆಸರು," ಎಂದ ಪಿಳ್ಳಪ್ಪ. "ಆಗ ಇನ್ನೂ ಹೆಡ್ ಕಾನ್‌ಸ್ಟೇಬಲ್ ಆಗಿದ್ದೆ."

ಅನಿಲ್‌ಕುಮಾರನ ಅಕ್ಕನನ್ನು ಪಿಳ್ಳಪ್ಪನ ತಮ್ಮನಿಗೆ ಕೊಟ್ಟಿತ್ತು. ಆ ಲೆಕ್ಕದಲ್ಲಿ ಅವನು ಮದುವೆಗೆ ಬಂದಿದ್ದ, ಡ್ರಮ್ಮು ಕೊಟ್ಟಿದ್ದ, ಫೋಟೊಗೆ ನಿಂತಿದ್ದ, ಉಂಡಿದ್ದ. ಹೆಣ್ಣಿನ ಮುಖ ನೆನಪಿರುವಷ್ಟು ಹೊತ್ತು ನೋಡಿರಲಿಲ್ಲ. ಈಗ ನೋಡಿದ.

"ಅನಿಲನ ಹೆಂಡ್ತೀನಾ ನೀನು!"

"ಓಹೋ, ಪಾಯಸ ಮುಗಿಸಿದೋರಲ್ಲಿ ನೀನೂ ಒಬ್ಬನೋ?" ಎಂದಳು ಅಮ್ಮಯಮ್ಮ.

ಪಿಳ್ಳಪ್ಪ ಮರದ ಆಚೆ ಹೋಗಿ ಫೋನು ತೆಗೆದ. ಮರ ಅಷ್ಟೇನೂ ದಪ್ಪವಿರಲಿಲ್ಲ, ದನಿಯೂ ಸಣ್ಣದಲ್ಲ. "ಹೂಂ ಕಣೋ, ಇಲ್ಲೇ ನಿಲ್ಲಿಸ್ಕೊಂಡಿದೀನಿ... ಬೈಪಾಸು, ಹುಣಸೆ ಮರ... ಎಲ್ಲಿದೀಯ? ಹೆಬ್ಬಾಳ? ಜಾಮಾ? ಎಷ್ಟೊತ್ತಾಗುತ್ತೆ? ಮುಕ್ಕಾಲು ಗಂಟೆ? ಬಾ ಬಾ, ನಾನು ಮಾತಾಡಿಸ್ತಾ ಇರ್ತೀನಿ."

ವಾಣಿಶ್ರೀ ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿದಳು. ಹತ್ತು ಗಂಟೆ ಐವತ್ತು ನಿಮಿಷ. ಗಾಡಿಯ ಕಾಗದಗಳೆಲ್ಲ ಪಿಳ್ಳಪ್ಪನ ಜೇಬಿನಲ್ಲಿದ್ದವು.

"ಕಾಗದ ಕೊಡಿ ಸರ್, ಹೋಗ್ತೀನಿ," ಎಂದಳು.

"ಹೋಗೋಣಮ್ಮ. ಅವಸರ ಏನು? ಸಂಸಾರ ಅಂದ್ಮೇಲೆ ಒಂದ್ಮಾತು ಬರುತ್ತೆ, ಹೋಗುತ್ತೆ. ನಾನೀಗ ಪೊಲೀಸ್ ಅಲ್ಲ, ನಿಮ್ಮ ಮಾವ ಇದ್ದಂಗೆ. ಎಲ್ಲಿಗೆ ಅಂತ ನಂಗೊಬ್ಬನಿಗೆ ಹೇಳು. ದೇವರಾಣೆ ಅವನಿಗೆ ಹೇಳಲ್ಲ."

ಅವಳು ಕಾಗದಕ್ಕಾಗಿ ಕಿಟಕಿಯಿಂದ ಕೈ ಚಾಚಿದಳು.

"ಈಗ ಪೊಲೀಸ್ ಆಗಿ ಕೇಳ್ತೀನಿ. ಕೇಳಿದ ಮಾಹಿತಿ ಕೊಡದಿದ್ರೆ ಅದಕ್ಕೂ ಸೆಕ್ಷನ್ ಇದೆ, ಗೊತ್ತಾ?"

"ಕಾನೂನಲ್ಲಿ ಏನೇನು ಕೇಳಬಹುದೋ ಅದೆಲ್ಲ ಕೊಟ್ಟಿದೀನಿ ಸರ್. ಇದು ಅದರಲ್ಲಿಲ್ಲ."

"ಓಹ್! ಯಾರು ಹೇಳ್ಕೊಟ್ಟಿದ್ದು ಇದನ್ನ?"

ಅದೂ ಅದರಲ್ಲಿರಲಿಲ್ಲ. ಅವಳು ಹುಣಸೆ ಮರ ನೋಡಿದಳು.

ಪಿಳ್ಳಪ್ಪ ಅರ್ಪಿತಳ ಕಡೆ ತಿರುಗಿದ. "ಹಾಕಮ್ಮ ಇವ್ಳಿಗೊಂದು ಕೇಸು."

"ಏನಂತ ಹಾಕ್ಲಿ ಸರ್? ಸೀಟ್ ಬೆಲ್ಟ್ ಹಾಕಿದಾರೆ. ಅಜ್ಜೀನೂ ಹಾಕಿದಾರೆ. ಲೋಡು ಕಮ್ಮೀನೇ ಇದೆ. ಇನ್ಶೂರೆನ್ಸು ಇನ್ನೂ ಏಳು ತಿಂಗಳಿದೆ."

"ಮಾತಾಡ್ತಿಲ್ವಲ್ಲ."

ಅರ್ಪಿತ ಮೆಷಿನ್ನಿನ ಪಟ್ಟಿಯನ್ನು ಬೆರಳಿನಿಂದ ಮೇಲಿನಿಂದ ಕೆಳಗಿನವರೆಗೆ ಸರಿಸಿದಳು. ಅರ್ಧಂಬರ್ಧ ಅಲ್ಲ, ಪೂರ್ತಿ ಸರಿಸಿದಳು. "ಮಾತಾಡೋದಕ್ಕಿದೆ ಸರ್, ಫೋನಲ್ಲಿ ಮಾತಾಡ್ತಾ ಗಾಡಿ ಓಡಿಸೋದು. ಮಾತಾಡದೆ ಇರೋದಕ್ಕೆ ಕಾಲಂ ಇಲ್ಲ."

"ಅದರ್ಸ್ ಅಂತ ಒಂದಿರುತ್ತಲ್ಲ?"

"ಇದೆ ಸರ್. ಒತ್ತಿದ್ರೆ ಸೆಕ್ಷನ್ ನಂಬರ್ ಕೇಳುತ್ತೆ."

"ಯಾವ್ದಾದ್ರೂ ಹಾಕು."

"ಯಾವ್ದು ಸರ್?"

ಪಿಳ್ಳಪ್ಪ ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಬಾಯಿ ಬಡಿದವರನ್ನು, ಬೈದವರನ್ನು, ಶಾಸಕರಿಗೆ ಫೋನು ಹಚ್ಚಿದವರನ್ನು, ಅತ್ತವರನ್ನು ನೋಡಿದ್ದ. ಅವರಿಗೆಲ್ಲ ಒಂದಲ್ಲ ಒಂದು ನಂಬರಿತ್ತು.

"ಹನ್ನೊಂದು ಐದು," ಎಂದು ವಾಣಿಶ್ರೀ ಗಡಿಯಾರವನ್ನು ಮನಸ್ಸಿನಲ್ಲೇ ಓದಿಕೊಂಡಳು. ಎಡಗೈ ಮಣಿಕಟ್ಟಿನ ಹತ್ತಿರ ನೋಯತೊಡಗಿತು. ಗೇರ್ ಹಾಕುವ ಕೈ ಅದೇ. ಗಾಡಿ ಸ್ಟಾರ್ಟ್ ಮಾಡಿ ಕಾಗದವಿಲ್ಲದೆ ಹೊರಟುಬಿಡಬಹುದಿತ್ತು. ಆಗ ಅವರ ಮೆಷಿನ್ನಿಗೆ ನಂಬರು ಸಿಗುತ್ತಿತ್ತು.

"ಹೇಳಿಬಿಡೇ," ಎಂದು ಅಮ್ಮಯಮ್ಮ ಪಿಸುಗುಟ್ಟಿದಳು. "ಯಾವ್ದೋ ಒಂದೂರು ಹೇಳು. ಮೈಸೂರು ಅನ್ನು."

ವಾಣಿಶ್ರೀ ಆಗದು ಎನ್ನುವಂತೆ ತಲೆಯಾಡಿಸಿದಳು. ಸುಳ್ಳು ಹೇಳಿದರೆ ಎರಡನೇ ಪ್ರಶ್ನೆ ಬರುತ್ತದೆ. ಮೈಸೂರಿನಲ್ಲಿ ಎಲ್ಲಿ, ಯಾರ ಮನೆ, ಮೈಸೂರಿಗೆ ಈ ರಸ್ತೆ ಯಾಕೆ.

ಪಿಳ್ಳಪ್ಪನ ಫೋನು ಮತ್ತೆ ಬಡಿದುಕೊಂಡಿತು. ಎತ್ತಲು ಹೋದವನನ್ನು ಅರ್ಪಿತ ಅದೇ ದನಿಯಲ್ಲಿ ತಡೆದಳು.

"ಸರ್, ಬಾಡಿ ಕ್ಯಾಮೆರಾ ಆನ್ ಇದೆ."

"ಯಾವುದು?"

ಅವಳು ತನ್ನ ಭುಜವನ್ನು ಗದ್ದದಿಂದ ತೋರಿಸಿದಳು. ಸಣ್ಣ ಕೆಂಪು ದೀಪ ಉರಿಯುತ್ತಿತ್ತು.

"ಯಾವಾಗಿಂದ?"

"ಗಾಡಿ ನಿಲ್ಲಿಸಿದಾಗಿಂದ ಸರ್. ಆರ್ಡರ್ ಇದೆಯಲ್ಲ. ನಿಮ್ಮ ಫೋನಿನ ಮಾತೂ ಬಂದಿರುತ್ತೆ. ಮೈಕ್ ಚೆನ್ನಾಗಿದೆ."

ಅವಳು ಬೆದರಿಸಿದಳೇ, ಸುಮ್ಮನೆ ವರದಿ ಒಪ್ಪಿಸಿದಳೇ ಎನ್ನುವುದು ಮುಖದಿಂದ ತಿಳಿಯುತ್ತಿರಲಿಲ್ಲ. ಪಿಳ್ಳಪ್ಪ ಫೋನನ್ನು ಬಡಿದುಕೊಳ್ಳಲು ಬಿಟ್ಟ. ಅದು ನಿಂತ ಮೇಲೆ ಟೋಪಿ ಸರಿಪಡಿಸಿಕೊಂಡು ಕೆಂಪು ದೀಪದ ಕಡೆ ತಿರುಗಿ, ವಾಣಿಶ್ರೀಯನ್ನು ಉದ್ದೇಶಿಸಿ ಮಾತಾಡಿದ.

"ಮೇಡಂ, ತಮ್ಮ ದಾಖಲೆಗಳನ್ನು ಪರಿಶೀಲಿಸಲಾಗಿದೆ. ಎಲ್ಲ ಸರಿಯಾಗಿವೆ. ತಮ್ಮ ಸಹಕಾರಕ್ಕೆ ಇಲಾಖೆ ವತಿಯಿಂದ ಧನ್ಯವಾದ."

ಕಾಗದಗಳು ಅವಳ ಕೈಗೆ ಬಂದವು. ಪಾತ್ರೆಗಳು ಮತ್ತೆ ಗಾಡಿ ಹತ್ತಿದವು. ಪಿಳ್ಳಪ್ಪ ಒಂದೊಂದನ್ನೇ ಎತ್ತಿ ಕೊಟ್ಟ, ಅರ್ಪಿತ ಜೋಡಿಸಿದಳು, ಅಮ್ಮಯಮ್ಮ ಕಿಟಕಿಯಿಂದ ತಲೆ ಹಾಕಿ ಉಸ್ತುವಾರಿ ನೋಡಿದಳು. "ಇಡ್ಲಿ ಪಾತ್ರೆ ಮೇಲೆ ಕೊಡ ಇಡ್ತಾರೇನಪ್ಪಾ? ನಿಮ್ಮನೇಲಿ ಹಿಂಗೇ ಇಡ್ತೀರಾ?" ಟಾರ್ಪಾಲನ್ನು ವಾಣಿಶ್ರೀಯೇ ಬಿಗಿದಳು. ಗಂಟು ಈ ಸಲ ಒಂದೊಂದೇ ಹಾಕಿದಳು. ಹನ್ನೊಂದು ಹದಿನೆಂಟು.

ಅವಳು ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ಪಿಳ್ಳಪ್ಪ ಇಲಾಖೆಯ ಬೈಕು ತಂದು ಮುಂದೆ ನಿಲ್ಲಿಸಿದ. ಹೆಲ್ಮೆಟ್ ಹಾಕಿಕೊಂಡಿದ್ದ. ಕ್ಯಾಮೆರಾಗೆ ಕಾಣುವ ಹಾಗೆ ನಕ್ಕ.

"ಇಬ್ಬರೇ ಹೆಂಗಸರು, ಅದರಲ್ಲಿ ಒಬ್ಬರಿಗೆ ವಯಸ್ಸಾಗಿದೆ. ದೂರದ ದಾರಿ. ಮಹಿಳೆಯರ ರಕ್ಷಣೆ ನಮ್ಮ ಕರ್ತವ್ಯ. ನಾನೇ ಮುಂದೆ ಸೈರನ್ ಹಾಕ್ಕೊಂಡು ಹೋಗ್ತೀನಿ, ಬಾಗಿಲವರೆಗೂ ಬಿಟ್ಟು ಬರ್ತೀನಿ."

"ಸೈರನ್ನಾ?" ಎಂದಳು ಅಮ್ಮಯಮ್ಮ. ಅವಳ ಮದುವೆಗೂ ಯಾರೂ ಅಷ್ಟು ಮರ್ಯಾದೆ ಮಾಡಿರಲಿಲ್ಲ. "ಹೂಂ ಅನ್ನೇ ವಾಣಿ!"

"ಊರಿನ ಹೆಸರೂ ಹೇಳೋದು ಬೇಡ," ಎಂದ ಪಿಳ್ಳಪ್ಪ. "ಬಾಯಿ ಬಿಡೋ ಕಷ್ಟಾನೇ ಇಲ್ಲ. ಎಡಕ್ಕೆ ಅಂದ್ರೆ ಒಂದು ಹಾರ್ನು ಮಾಡಿ, ಬಲಕ್ಕೆ ಅಂದ್ರೆ ಎರಡು."

"ಬೇಡ," ಎಂದಳು ವಾಣಿಶ್ರೀ, ಕ್ಯಾಮೆರಾಗೆ ಕೇಳುವ ಹಾಗೆ, ಮತ್ತು ಬೈಕನ್ನು ಬಳಸಿಕೊಂಡು ಗಾಡಿಯನ್ನು ರಸ್ತೆಗಿಳಿಸಿದಳು.